ನಗರಸಭೆಯೂ ನೂರು ದಿನದ ಕೂಲಿಯೂ

ನಗರಸಭೆಯೆಂದರೆ ತೆರಿಗೆ, ದಾರಿದೀಪ, ಚರಂಡಿ ಇಷ್ಟೇ ಎಂದು ಕಾಸರಗೋಡಿನ ನಾವು ಬಹುಕಾಲ ಭಾವಿಸಿಕೊಂಡು ಬಂದಿದ್ದೇವೆ. ಊರವರಿಗೆ ಊರಿನಲ್ಲೇ ದುಡಿಮೆ ಒದಗಿಸುವುದೂ ಅದರ ಕರ್ತವ್ಯಗಳಲ್ಲೊಂದು. ಕೇರಳದಲ್ಲಿ 2010ರಲ್ಲಿ ಆರಂಭವಾದ ಅಯ್ಯಂಕಾಳಿ ನಗರ ಉದ್ಯೋಗ ಖಾತರಿ ಯೋಜನೆಯಂತೆ, ಮೈಮುರಿದು ದುಡಿಯಲು ಸಿದ್ಧವಿರುವ ನಗರವಾಸಿ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿ ಕೆಲಸ ದೊರೆಯಬೇಕು; ಅದನ್ನು ನಡೆಸಬೇಕಾದುದು ನಗರಸಭೆಯೇ.

ನಮ್ಮ ಮನೆಬಾಗಿಲಿಗೆ ಬಂದು ಪ್ಲಾಸ್ಟಿಕ್ ಕಸವನ್ನು ಒಯ್ಯುವ ಹರಿತ ಕರ್ಮಸೇನೆಯ ಸ್ತ್ರೀಯರನ್ನೇ ನೋಡಿರಿ. ಇವರು ಬಹುಮಟ್ಟಿಗೆ 1998ರಲ್ಲಿ ಹುಟ್ಟಿದ ಕುಟುಂಬಶ್ರೀಯ ಸದಸ್ಯೆಯರು. ನಾವು ತೆರುವ ತಿಂಗಳ ಶುಲ್ಕವೇ ಇವರ ಮುಖ್ಯ ಆದಾಯ. ಅದನ್ನು ಕೊಡುವಾಗ ಗೊಣಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ! ಹೊರಗಿನ ಗುತ್ತಿಗೆದಾರನಿಗೆ ಕೊಟ್ಟ ಹಣ ಊರು ದಾಟಿ ಹೋದೀತು. ಇವರ ಕೈಗೆ ಬಂದ ಹಣ ನಮ್ಮ ಪೇಟೆಯ ಅಂಗಡಿಯಲ್ಲೇ ಅಕ್ಕಿಬೇಳೆಯಾಗುತ್ತದೆ, ಮಕ್ಕಳ ಪುಸ್ತಕವಾಗುತ್ತದೆ.

ಆದರೆ ಕೆಲಸವನ್ನು ಪಡೆಯಬೇಕಾದರೆ ಮೊದಲು ಕೇಳಬೇಕು. ಅರ್ಜಿಯೂ ಪ್ರಕಟಣೆಯೂ ಕನ್ನಡದಲ್ಲಿ ಇಲ್ಲದಿದ್ದರೆ, ಕನ್ನಡವೊಂದನ್ನೇ ಓದಬಲ್ಲ ನಮ್ಮ ತಾಯಂದಿರು ಆ 100 ದಿನಗಳನ್ನು ಕೇಳುವುದೆಂತು? ಮುಂದಿನ ವಾರ್ಡುಸಭೆಯಲ್ಲಿ ಈ ಬೇಡಿಕೆಯನ್ನು ಬರವಣಿಗೆಯಲ್ಲೇ ಮುಂದಿಡಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.