ಈಚಲು ಚಾಪೆ ಮತ್ತು ಅವರ 'ಸ್ಫೂರ್ತಿ'

ನಮ್ಮಜ್ಜಿ ಈಚಲು ಗರಿ ಸೀಳಿ ಚಾಪೆ ಹೆಣೀತಿದ್ಲು. ಗರಿಯ ಮುಳ್ಳಿಗೆ ಬೆರಳೆಲ್ಲ ಗಾಯ. ಊರೋರು ಆ ಚಾಪೆಗೆ ನೀರು ಚಿಮುಕಿಸಿ ಒಳಗೆ ತಗೊಳ್ಳೋರು. ಕೂಲಿ ಅಂದ್ರೆ ಒಂದು ಮೊರ ರಾಗಿ.

ಇವತ್ತು ಅಂಥದೇ ಗರಿ ಹೆಣಿಗೆ ಬ್ಯಾಗು, ಹ್ಯಾಟು ಆಗಿ ಫ್ಯಾಶನ್ ಶೋ ಹತ್ತಿದೆ. ಹೆಸರು ಡಿಸೈನರ್‌ದು, ಹೆಣೆದೋರು ಬರೀ 'ಸ್ಫೂರ್ತಿ'.

2025ರಲ್ಲಿ ಪ್ರಾಡಾ ಮಿಲಾನ್‌ನಲ್ಲಿ ಕೊಲ್ಹಾಪುರಿ ಥರದ ಚಪ್ಪಲಿ ತೋರಿಸಿದಾಗ್ಲೂ ಮೊದ್ಲು ಮೂಲ ಹೇಳಲಿಲ್ಲ. ಗಲಾಟೆ ಆದ್ಮೇಲೆ ಒಪ್ಕೊಂಡ್ರು. ಆ ಚಪ್ಪಲಿಗೆ 2019ರಲ್ಲೇ ಜಿಐ ಸಿಕ್ಕಿತ್ತು, ನಮ್ಮ ಬೆಳಗಾವಿ, ಬಾಗಲಕೋಟೆಯೂ ಅದರಲ್ಲಿವೆ. ಜಿಐ ಇದ್ದ ಚಪ್ಪಲಿಗೇ ಹಿಂಗಾದ್ರೆ, ಚಾಪೆ ಹೆಣೆಯೋಳ ಗತಿ?

ಫ್ಯಾಶನ್ ಬೇಡ ಅಂತಿಲ್ಲ, ಬರಲಿ. ಹೆಣೆದೋಳ ಹೆಸರು, ನ್ಯಾಯವಾದ ಕೂಲಿ, ಲಾಭದಲ್ಲಿ ಪಾಲು, ಮೂರೂ ಕರಾರಿನಲ್ಲಿ ಇರಲಿ. ಕೈ ಮುಟ್ಟಲ್ಲ, ಕೈಕೆಲಸ ಮಾತ್ರ ಬೇಕು ಅನ್ನೋದು ಇನ್ನು ನಡೆಯಲ್ಲ.

ಜೈ ಭೀಮ್.