ಬಿಡಿಭಾಗಕ್ಕಿಂತ ಮೊದಲು ಪರೀಕ್ಷೆ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಹಲವು ವರ್ಷ ಮೊದಲೇ ಮಾರುಕಟ್ಟೆಯಿಂದ ಮರೆಯಾಗಿತ್ತು. ಆದರೂ ಮಾಲೀಕರು ಅಕ್ಕರೆಯಿಂದ ಉಳಿಸಿಕೊಂಡಿರುವ ಹಳೆಯ ಕಾರುಗಳು ಇಂದಿಗೂ ಗ್ಯಾರೇಜುಗಳಿಗೆ ಬರುತ್ತಿವೆ. ಅವುಗಳ ಬಗ್ಗೆ ಕೇಳಿಬರುವ ದೂರುಗಳಲ್ಲೊಂದು, ಪೆಟ್ರೋಲ್ ಮಾಪಕದ ಮುಳ್ಳು ಸುಳ್ಳು ಹೇಳುತ್ತಿದೆ ಎಂಬುದು. ಪರೀಕ್ಷಿಸದೆಯೇ ಹೊಸ ಮಾಪಕವನ್ನು ಮಾರುವುದು ಇದಕ್ಕೆ ಸುಲಭದ ಉತ್ತರ. ಹಣ ವ್ಯಯವಾಗಿಯೂ ದೋಷ ಹಾಗೆಯೇ ಉಳಿದರೆ, ನಷ್ಟ ಗ್ರಾಹಕರಿಗಷ್ಟೇ ಅಲ್ಲ, ವ್ಯಾಪಾರಿಯ ಹೆಸರಿಗೂ ತಟ್ಟುತ್ತದೆ.

ಈ ವ್ಯವಸ್ಥೆ ಬಹಳ ಸರಳವಾದುದು. ಟ್ಯಾಂಕಿನೊಳಗಿನ ಫ್ಲೋಟ್ ಏರಿಳಿದಂತೆ ಅಲ್ಲಿನ ಯೂನಿಟ್ಟಿನ ವಿದ್ಯುತ್ ರೋಧ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಡ್ಯಾಶ್‌ಬೋರ್ಡಿನ ಮುಳ್ಳು ಚಲಿಸುತ್ತದೆ. 1960ರ ದಶಕದ ಮಧ್ಯಭಾಗದಿಂದ ಬಂದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಮಾಪಕಗಳಿಗೆ ಸುಮಾರು 10 ವೋಲ್ಟ್ ಒದಗಿಸುವ ಸ್ಟೆಬಿಲೈಜರ್ ಕೂಡ ಇರುತ್ತದೆ. ಇಂತಹ ಕಾರಿನಲ್ಲಿ ಪೆಟ್ರೋಲ್ ಮತ್ತು ಉಷ್ಣತೆಯ ಮಾಪಕಗಳೆರಡೂ ಒಟ್ಟಿಗೆ ಹೆಚ್ಚು ತೋರಿಸಿದರೆ, ಮೊದಲು ನೋಡತಕ್ಕದ್ದು ಸ್ಟೆಬಿಲೈಜರ್ ಮತ್ತು ಅದರ ಅರ್ಥಿಂಗ್. ಪೆಟ್ರೋಲ್ ಮಾಪಕ ಮಾತ್ರ ತಪ್ಪು ತೋರಿಸುತ್ತಿದ್ದರೆ ಇಗ್ನಿಷನ್ ಬಂದ್ ಮಾಡಿ, ಟ್ಯಾಂಕ್ ಯೂನಿಟ್ಟಿನ ತಂತಿಯನ್ನು ಬಿಡಿಸಿ, ಮಾಪಕಕ್ಕೆ ಹೊಂದುವ ರೆಸಿಸ್ಟರ್ ಮೂಲಕ ಬಾಡಿಗೆ ಅರ್ಥ್ ಮಾಡಬೇಕು. ಇಗ್ನಿಷನ್ ಚಾಲೂ ಮಾಡಿದಾಗ ಮುಳ್ಳು ಸರಿಯಾದ ಸ್ಥಾನಕ್ಕೆ ಬಂದರೆ ಮಾಪಕಕ್ಕೂ ತಂತಿಗೂ ದೋಷವಿಲ್ಲ. ತೂತಾಗಿ ಮುಳುಗಿದ ಫ್ಲೋಟ್, ಸವೆದ ಯೂನಿಟ್ ಅಥವಾ ತುಕ್ಕು ಹಿಡಿದ ಅರ್ಥಿಂಗ್ ಕಾರಣವಿರಬಹುದು. ಟ್ಯಾಂಕ್ ತೆರೆಯುವ ಮುನ್ನ ಬ್ಯಾಟರಿ ಸಂಪರ್ಕ ತೆಗೆಯುವುದು ಕಡ್ಡಾಯ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು.

ಸಣ್ಣ ತಯಾರಕರೂ ಇಲ್ಲಿ ಯೋಚಿಸಬೇಕಾದ ಅಂಶವಿದೆ. ಮಾಪಕ ಮತ್ತು ಟ್ಯಾಂಕ್ ಯೂನಿಟ್ ಒಂದಕ್ಕೊಂದು ಹೊಂದಬೇಕಾದ ಜೋಡಿ. ಅಮೆರಿಕದಲ್ಲಿ ರೂಢಿಯಲ್ಲಿರುವ ಒಂದು ಅಳತೆಯಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33 ಓಮ್. ಯೂರೋಪಿನ ಒಂದು ಅಳತೆಯಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180. ಇವನ್ನು ಬೆರಸಿದರೆ ಎರಡೂ ಹೊಸ ಭಾಗಗಳಾಗಿದ್ದರೂ ಮುಳ್ಳು ತಿರುವುಮುರುವಾಗಿ ಚಲಿಸುತ್ತದೆ. ಆದುದರಿಂದ ಪ್ರತಿ ಪೊಟ್ಟಣದ ಮೇಲೂ ಓಮ್ ಅಳತೆಯನ್ನು ಮುದ್ರಿಸುವುದು ಅಗತ್ಯ. ಅದಕ್ಕೆ ತಗಲುವ ಖರ್ಚು ಒಂದು ಸಾಲಿನ ಮಸಿ. ತಪ್ಪುವ ನಷ್ಟ ಹಿಂದಿರುಗಿ ಬರುವ ಮಾಲು.

ಪರೀಕ್ಷೆಗೆ ಗ್ರಾಹಕರು ಹಣ ಕೊಡುವುದಿಲ್ಲ ಎಂಬ ವಾದವುಂಟು. ಬಿಲ್ಲಿನಲ್ಲಿ ಕಾಣದ ಶ್ರಮಕ್ಕೆ ಹಣ ಕೇಳುವುದು ಕಷ್ಟವೇ ಸರಿ. ಪರೀಕ್ಷೆಯ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸಿ, ಕಂಡ ದೋಷವನ್ನು ಬರೆದುಕೊಟ್ಟರೆ, ಅನಗತ್ಯ ಮಾಪಕದ ಬೆಲೆ ಉಳಿದ ಗ್ರಾಹಕರು ಅದನ್ನು ಒಪ್ಪದಿರಲು ಕಾರಣವಿಲ್ಲ. ಹಳೆಯ ಕಾರುಗಳ ವ್ಯಾಪಾರದಲ್ಲಿ ಬಿಡಿಭಾಗಗಳ ದಾಸ್ತಾನು ಕರಗುತ್ತ ಹೋಗುತ್ತದೆ. ಉಳಿದು ಬೆಳೆಯಬಲ್ಲ ಬಂಡವಾಳವೆಂದರೆ ದೋಷ ಪತ್ತೆಹಚ್ಚುವ ಕೌಶಲವೊಂದೇ.