ಬೀಳು ಬಿಡೋದಾ, ಬೆಳೀತಾನೇ ಇರೋದಾ? ಬಳ್ಳಿಗಾವಿ ಸುತ್ತಲಿನ ಹೊಲಗಳ ಲೆಕ್ಕ

ಶಿಕಾರಿಪುರ: ಬಳ್ಳಿಗಾವಿಯ 12ನೇ ಶತಮಾನದ ಶಾಸನಗಳಲ್ಲೇ ದೇವಸ್ಥಾನ, ಮಠಗಳಿಗೆ ಭೂಮಿ ಬಿಟ್ಟುಕೊಟ್ಟ ಲೆಕ್ಕವಿದೆ. ಅಂದ್ರೆ ಈ ಸೀಮೆಯ ಗದ್ದೆಗಳು ನೂರಾರು ವರ್ಷಗಳಿಂದ ಬೆಳೀತಾನೇ ಬಂದಿವೆ. ಹಾಗಿದ್ದ ಮೇಲೆ ಪ್ರತಿ ವರ್ಷ ಬೆಳೆದ್ರೆ ಮಣ್ಣು ಸಾಯುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಗದ್ದೆಗೆ ಕೆರೆಯ ಗೋಡು, ಕಾನಿನ ಸೊಪ್ಪು, ಕೊಟ್ಟಿಗೆ ಗೊಬ್ಬರ ವಾಪಸ್ ಬರ್ತಿತ್ತು. ಈಗ ಕೇಳಬೇಕಾದ ಪ್ರಶ್ನೆ: ಮೆಕ್ಕೆಜೋಳದ ಹೊಲಕ್ಕೆ ಏನು ವಾಪಸ್ ಹೋಗ್ತಿದೆ?

ಹೊಲದಿಂದ ಹೋಗೋದು ಎಷ್ಟು?

ಎಕರೆಗೆ 20 ಕ್ವಿಂಟಾಲ್ ಬಂತು ಅಂದ್ಕೊಳ್ಳಿ. ಕಾಳಿನ ಜೊತೆಗೇ ಅಂದಾಜು 30 ಕೆ.ಜಿ. ಸಾರಜನಕ ಹೊಲ ಬಿಟ್ಟು ಹೋಗುತ್ತೆ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸಾರಜನಕ ಇರೋದು ಸುಮಾರು 20 ಕೆ.ಜಿ. ಅಲ್ಲಿಗೆ ಒಂದೂವರೆ ಚೀಲದಷ್ಟು ಕಾಳಿನಲ್ಲೇ ಖಾಲಿ. ಗಿಡ ಹೀರಿದ ಪೊಟ್ಯಾಷ್‌ನ ಹೆಚ್ಚಿನ ಪಾಲು ಇರೋದು ದಂಟಿನಲ್ಲಿ. ದಂಟು ಮಾರಿದ್ರೆ ಅದೂ ಹೋಯ್ತು. ಸುಟ್ರೆ ಬೂದಿ ಉಳಿಯುತ್ತೆ, ಸಾರಜನಕ ಮತ್ತು ಮಣ್ಣಿಗೆ ಸೇರಬೇಕಿದ್ದ ಕಸ ಹೊಗೆಯಾಗುತ್ತೆ.

ಯೂರಿಯಾ ಒಂದರಿಂದ ಇದು ತುಂಬಲ್ಲ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ರಾಜ್ಯದ ಬಹಳಷ್ಟು ಹೊಲಗಳಿಗೆ ಗಂಧಕ, ಸತು, ಬೋರಾನ್ ಕೊರತೆ ಇರೋದು ಗೊತ್ತಾಯ್ತು. ಬೆಂಗಳೂರಿನ ಜಿಕೆವಿಕೆಯಲ್ಲಿ 1978ರಿಂದ ಕೆಂಪು ಮಣ್ಣಿನಲ್ಲಿ ರಾಗಿ ಪ್ರಯೋಗ ನಡೀತಿದೆ. ಕೊಟ್ಟಿಗೆ ಗೊಬ್ಬರ, ರಸಗೊಬ್ಬರ ಎರಡೂ ಬಿದ್ದ ತಾಕುಗಳಲ್ಲೇ ಇಳುವರಿ ಚೆನ್ನಾಗಿ ನಿಂತಿದೆ. ಬೆಳೆ ಬಿಡದಿದ್ರೂ ಮಣ್ಣು ಉಳಿಸಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಸುಮ್ನೆ ಬಿಟ್ರೆ ಸಾಕಾ?

ಸಾಲದು. ಉತ್ತು ಬರಿದಾಗಿ ಬಿಟ್ಟ ಹೊಲದ ಮೇಲ್ಮಣ್ಣು ಮಳೆಗೆ ಕೊಚ್ಚಿ ಹೋಗುತ್ತೆ, ಬಿಸಿಲಿಗೆ ಇದ್ದ ಸಾವಯವ ಅಂಶವೂ ಕರಗುತ್ತೆ. ಹುಲ್ಲು, ಗಿಡ ಬೆಳೆದು ವರ್ಷಗಟ್ಟಲೆ ಅಲ್ಲೇ ಕೊಳೆತರೆ ಮಾತ್ರ ಬೀಳು ಭೂಮಿಗೆ ಕಸುವು ಬರುತ್ತೆ. ಎರಡು ಎಕರೆಯವರು ಅಷ್ಟು ವರ್ಷ ಬಿಟ್ಟು ಕೂತರೆ ಮನೆ ನಡೆಯೋದು ಹೇಗೆ?

ಇದಕ್ಕೆ ನಡುವಿನ ದಾರಿ ಇದೆ. ಮಳೆ ಶುರುವಾಗ್ತಿದ್ದ ಹಾಗೆ ಸೆಣಬು ಅಥವಾ ಡಯಾಂಚ ಚೆಲ್ಲಿ, ಹೂ ಬರೋ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ ಉತ್ತು ನಾಟಿ ಮಾಡೋದು. ಜೋಳ ಮುರಿದ ಮೇಲೆ ತೇವ ಇದ್ರೆ ಹುರುಳಿ, ಅಲಸಂದೆ ಹಾಕೋದು. ಇವುಗಳ ಬೇರಿನ ಗಂಟು ಗಾಳಿಯ ಸಾರಜನಕವನ್ನ ಹಿಡಿದಿಡುತ್ತೆ. ಸೊರಬದ ಕಡೆ ಮಳೆ ಹೆಚ್ಚು, ಮಣ್ಣಿನ ಹುಳಿಯೂ ಹೆಚ್ಚು. ಅಲ್ಲಿ ಪರೀಕ್ಷೆ ಮಾಡಿಸಿ ಸುಣ್ಣ ಹಾಕಬೇಕಾಗುತ್ತೆ.

ಗುತ್ತಿಗೆ ಹೊಲದ ಕಥೆ

ಶುಂಠಿಗೆ ಕೊಟ್ಟ ಹೊಲದ ವಿಷಯವೇ ಬೇರೆ. ಕೊಳೆ ರೋಗದ ಬೀಜ ಮಣ್ಣಲ್ಲೇ ಉಳಿಯೋದ್ರಿಂದ ಶುಂಠಿ ಹಾಕೋರು ಹೊಸ ಹೊಲ ಹುಡುಕ್ತಾ ಹೋಗ್ತಾರೆ. ಒಂದು ವರ್ಷದ ಗುತ್ತಿಗೆಯವರಿಗೆ ಮುಂದಿನ ಹತ್ತು ವರ್ಷದ ಚಿಂತೆ ಯಾಕೆ? ರೋಗ ಉಳಿಯೋದು ಮಾಲೀಕರ ಪಾಲಿಗೆ. ಹಾಗಾಗಿ ಗುತ್ತಿಗೆ ಮಾತಾಡುವಾಗಲೇ ಕೊಟ್ಟಿಗೆ ಗೊಬ್ಬರ ಎಷ್ಟು ಗಾಡಿ, ಕೊನೆಗೆ ಹಸಿರೆಲೆ ಗೊಬ್ಬರ ಯಾರು ಬಿತ್ತಬೇಕು ಅನ್ನೋದನ್ನ ಬರೆಸಿಕೊಳ್ಳೋದು ಒಳ್ಳೇದು.

ಉಡುಗಣಿ, ತಾಳಗುಂದ, ಹೊಸೂರು ಹೋಬಳಿಗಳ ಕೆರೆ ತುಂಬಿಸೋ ಏತ ನೀರಾವರಿಯಿಂದ ನೀರಿನ ಆಸೆ ಹೆಚ್ಚಿದೆ. ನೀರು ಬಂದಲ್ಲಿ ಬೇಸಿಗೆಯ ನಾಲ್ಕು ತಿಂಗಳ ಬಿಡುವೂ ಹೋಗಿ ಎರಡನೇ ಬೆಳೆ ಬರುತ್ತೆ. ಆಗ ಮಣ್ಣಿಗೆ ವಾಪಸ್ ಕೊಡಬೇಕಾದ್ದೂ ದುಪ್ಪಟ್ಟು.

ಇದು ರೈತರಿಗೆ ಮಾತ್ರ ಸೇರಿದ್ದಲ್ಲ. ಶಿರಾಳಕೊಪ್ಪದ ಗೊಬ್ಬರದಂಗಡಿ, ಬಟ್ಟೆ ಅಂಗಡಿ, ಕಿರಾಣಿಯ ಉದ್ರಿ ತೀರೋದು ಇದೇ ಹೊಲದ ದುಡ್ಡಲ್ಲಿ. 2025ರ ಮುಂಗಾರಿನಲ್ಲಿ ರಾಜ್ಯದ ಹಲವು ಕಡೆ ಯೂರಿಯಾಕ್ಕೆ ಸಾಲು ನಿಂತರು, ವರ್ಷದ ಕೊನೆಗೆ ಜೋಳದ ಮಾರುಕಟ್ಟೆ ದರ 2,400 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ದರ ರೈತರ ಕೈಲಿಲ್ಲ, ಖರ್ಚು ಸ್ವಲ್ಪ ಮಟ್ಟಿಗೆ ಇದೆ. ಮುಂಗಾರಿಗೆ ಮುಂಚೆ ಹೊಲದ ಮಣ್ಣಿನ ಮಾದರಿ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಪರೀಕ್ಷೆಗೆ ಕೊಟ್ರೆ, ಯಾವ ಗೊಬ್ಬರ ಎಷ್ಟು ಬೇಕು ಅನ್ನೋದಾದ್ರೂ ತಿಳಿಯುತ್ತೆ.